ಋಣಚಿಹ್ನೆಯನ್ನು ನುಂಗಿದವರಾರು?

ಎಲೆಕ್ಟ್ರಾನಿನ ವಿದ್ಯುದಾವೇಶದ ಪ್ರಮಾಣವನ್ನು ನಮ್ಮ ಓದುಗರಲ್ಲಿ ಬಹುಮಂದಿ ಬಾಯಿಪಾಠ ಮಾಡಿಕೊಂಡಿರುವರು. ೧.೬ ಎಂಬ ಸಂಖ್ಯೆಯನ್ನು ಹತ್ತರ ಋಣ ಹತ್ತೊಂಬತ್ತನೆಯ ಘಾತದಿಂದ ಗುಣಿಸಿದರೆ ಎಷ್ಟಾಗುವುದೋ ಅಷ್ಟು ಕೂಲಂಬು. ದಶಮಾಂಶದ ಬಿಂದುವನ್ನಿಟ್ಟು, ಅದರ ಮುಂದೆ ಹದಿನೆಂಟು ಸೊನ್ನೆಗಳನ್ನು ಬರೆದು, ಆಮೇಲೆ ೧೬ ಎಂದು ಬರೆದರೆ ಆ ಬೆಲೆ ದೊರೆಯುತ್ತದೆ. ಘಾತದ ಮುಂದಿರುವ ಆ ಸಣ್ಣ ಅಡ್ಡಗೆರೆಯನ್ನು, ಅಂದರೆ ಋಣಚಿಹ್ನೆಯನ್ನು ತೆಗೆದುಬಿಟ್ಟರೆ ಏನಾದೀತು? ಒಂದೊಂದು ಎಲೆಕ್ಟ್ರಾನಿನಲ್ಲಿಯೂ ಅಷ್ಟು ವಿದ್ಯುತ್ತಿದ್ದ ಪಕ್ಷದಲ್ಲಿ ಈ ಲೇಖನವನ್ನು ಬರೆಯಲು ನಾವೂ ಇರುತ್ತಿರಲಿಲ್ಲ, ಓದಲು ನೀವೂ ಇರುತ್ತಿರಲಿಲ್ಲ.

೨೦೨೦ನೆಯ ಇಸವಿಯಲ್ಲಿ ಶಾಲೆ ಕಾಲೇಜುಗಳೆಲ್ಲ ಬಾಗಿಲು ಹಾಕಿದ್ದ ಕಾಲದಲ್ಲಿ ನಾವು ನಮ್ಮ ಮನೆಯ ನಡುಮನೆಯಲ್ಲಿ ಒಂದು ಕರಿಹಲಗೆಯನ್ನು ನಿಲ್ಲಿಸಿ, ಎದುರಿನ ಮೇಜಿನ ಮೇಲೆ ಮೊಬೈಲನ್ನು ಪುಸ್ತಕಗಳಿಗೆ ಒರಗಿಸಿಟ್ಟು, ವಿದ್ಯುಚ್ಛಕ್ತಿಯ ಪಾಠವನ್ನು ಚಿತ್ರೀಕರಿಸಿ ಅಂತರಜಾಲಕ್ಕೆ ಏರಿಸಿದೆವು. ವಾರ ಕಳೆದ ಮೇಲೆ ಮಕ್ಕಳ ಉತ್ತರಗಳು ಬಂದವು. ಹತ್ತು ಹನ್ನೆರಡು ಮಂದಿ ಋಣಚಿಹ್ನೆಯಿಲ್ಲದೆಯೇ ಆ ಬೆಲೆಯನ್ನು ಬರೆದಿದ್ದರು. ಎಲ್ಲರೂ ಒಂದೇ ತಪ್ಪು ಮಾಡಿರುವುದನ್ನು ಕಂಡು ಒಬ್ಬರನ್ನೊಬ್ಬರು ನೋಡಿ ಬರೆದಿದ್ದಾರೆಂದು ತೀರ್ಮಾನಿಸಿ, ನಾವು ಕೆಂಪು ಮಸಿಯಲ್ಲಿ ಸೊನ್ನೆ ಸುತ್ತಿದೆವು. ಮಾರನೆಯ ದಿನ ತೀರ್ಥಹಳ್ಳಿಯ ಕಡೆಯ ಒಬ್ಬ ವಿದ್ಯಾರ್ಥಿನಿ ಫೋನು ಮಾಡಿದಳು. "ಸಾರ್, ಹಲಗೆ ಮೇಲೆ ಏನಿತ್ತೋ ಅದನ್ನೇ ಬರ್ದಿದ್ದೀನಿ. ಮೈನಸ್ ಇರ್ಲೇ ಇಲ್ಲ ಸಾರ್" ಎಂದಳು. ಅಳು ಬರುವುದೊಂದು ಬಾಕಿಯಿತ್ತು.

ನಾವು ನಮ್ಮ ಮೊಬೈಲಿನಲ್ಲಿದ್ದ ಮೂಲ ಚಿತ್ರವನ್ನು ತೆರೆದು ನೋಡಿದೆವು. ಋಣಚಿಹ್ನೆ ಸ್ಪಷ್ಟವಾಗಿಯೇ ಇತ್ತು. ಅನಂತರ ಅವಳು ನೋಡಿದ ಬಗೆಯಲ್ಲಿಯೇ ನೋಡೋಣವೆಂದು, ಅಂತರಜಾಲದಲ್ಲಿ ದುರ್ಬಲ ಸಂಪರ್ಕದವರಿಗೆ ದೊರೆಯುವ ಅತಿ ಕಿರಿಯ ಆವೃತ್ತಿಯನ್ನು ತೆರೆದೆವು. ಅಲ್ಲಿ ಹತ್ತು ಇತ್ತು, ಹತ್ತೊಂಬತ್ತು ಇತ್ತು. ನಡುವೆ ಒದ್ದೆ ಬಟ್ಟೆಯಿಂದ ಒರೆಸಿದಂತಹ ಒಂದು ಮಬ್ಬು ಮಾತ್ರ ಇತ್ತು. ಹುಡುಗಿ ಸುಳ್ಳು ಹೇಳಿರಲಿಲ್ಲ. ತಪ್ಪಿ ಬರೆದಿದ್ದವರ ಹೆಸರುಗಳನ್ನು ಮತ್ತೊಮ್ಮೆ ನೋಡಿದರೆ, ಅವರೆಲ್ಲರೂ ನೆಟ್‌ವರ್ಕಿಗಾಗಿ ಗುಡ್ಡ ಹತ್ತುತ್ತಿದ್ದವರೇ, ಇಲ್ಲವೆ ಮನೆಯ ಮಾಡಿನ ಮೇಲೆ ಕುಳಿತು ಪಾಠ ಕೇಳುತ್ತಿದ್ದವರೇ. ಪೇಟೆಯ ಮಕ್ಕಳಿಗೆ ಪೂರ್ಣ ಅಂಕ, ಗುಡ್ಡದ ಮಕ್ಕಳಿಗೆ ಸೊನ್ನೆ! ಹಾಗಾದರೆ ಆ ಅಡ್ಡಗೆರೆಯನ್ನು ದಾರಿಯಲ್ಲಿ ನುಂಗಿದವರು ಯಾರು?

ಇದನ್ನು ತಿಳಿಯಬೇಕಾದರೆ ಚಿತ್ರವೂ ಧ್ವನಿಯೂ ಅಂತರಜಾಲದಲ್ಲಿ ಹೇಗೆ ಸಾಗುತ್ತವೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಹಿಂದೆ ಒಂದು ಚಲನಚಿತ್ರವನ್ನು ಅಂತರಜಾಲದಿಂದ ಪಡೆಯಬೇಕಾದರೆ ಅದನ್ನು ಪೂರ್ತಿಯಾಗಿ ಇಳಿಸಿಕೊಂಡು ಅನಂತರ ನೋಡಬೇಕಾಗಿತ್ತು. ಅದು ಕೊಡವನ್ನು ತುಂಬಿಸಿ ಮನೆಗೆ ತಂದು ನೀರು ಕುಡಿದಂತೆ. ಸ್ಟ್ರೀಮಿಂಗ್ ಎಂಬ ಈಗಿನ ಕ್ರಮವಾದರೋ ನಲ್ಲಿಗೆ ಬೊಗಸೆಯೊಡ್ಡಿದಂತೆ, ಬರುತ್ತಿರುವಂತೆಯೇ ಕುಡಿಯುವುದು. ೧೯೯೩ರ ಜೂನ್ ೨೪ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಜೆರಾಕ್ಸ್ ಸಂಸ್ಥೆಯ ಸಂಶೋಧನ ಕೇಂದ್ರದಿಂದ ಸಿವಿಯರ್ ಟೈರ್ ಡ್ಯಾಮೇಜ್ ಎಂಬ ವಾದ್ಯಗೋಷ್ಠಿಯೊಂದನ್ನು ನೇರವಾಗಿ ಅಂತರಜಾಲದಲ್ಲಿ ಹರಿಯಬಿಟ್ಟರು. ಆ ಚಿತ್ರದ ಅಳತೆ ೧೫೨ ಚುಕ್ಕಿ ಅಗಲ, ೭೬ ಚುಕ್ಕಿ ಎತ್ತರ, ಅಷ್ಟೆ. ಇಂದು ಅಂಗೈಯಲ್ಲಿರುವ ಮೊಬೈಲಿನಲ್ಲಿ ನೋಡಿದರೆ ಅದು ಅಂಚೆಚೀಟಿಗಿಂತಲೂ ಸಣ್ಣದಾಗಿ ಕಂಡೀತು.

ಈಗಿನ ಉತ್ತಮ ಚಿತ್ರವೊಂದರಲ್ಲಿ ೧,೯೨೦ ಚುಕ್ಕಿಗಳ ೧,೦೮೦ ಸಾಲುಗಳಿರುತ್ತವೆ. ಒಟ್ಟು ೨೦,೭೩,೬೦೦ ಚುಕ್ಕಿಗಳು. ಒಂದೊಂದು ಚುಕ್ಕಿಯ ಬಣ್ಣವನ್ನು ಹೇಳಲು ೨೪ ಬಿಟ್ಟುಗಳು ಬೇಕು. (ಸೊನ್ನೆ ಇಲ್ಲವೆ ಒಂದು ಎಂಬ ಒಂದು ಗುರುತಿಗೆ ಬಿಟ್ಟು ಎಂದು ಹೆಸರು.) ಸೆಕೆಂಡಿಗೆ ೨೫ ಚಿತ್ರಗಳಂತೆ ಗುಣಿಸಿ ನೋಡಿ: ಸೆಕೆಂಡೊಂದಕ್ಕೆ ಸುಮಾರು ೧೨೪ ಕೋಟಿ ಬಿಟ್ಟುಗಳಾಗುತ್ತವೆ. ನಮ್ಮ ವಿದ್ಯಾರ್ಥಿನಿಯ ಗುಡ್ಡದ ಮೇಲೆ ದೊರೆಯುತ್ತಿದ್ದುದು ಸೆಕೆಂಡಿಗೆ ಮೂರು ಲಕ್ಷದ ಆಸುಪಾಸು. ನೂರಿಪ್ಪತ್ತನಾಲ್ಕು ಕೋಟಿಯನ್ನು ಮೂರು ಲಕ್ಷದೊಳಕ್ಕೆ ತುಂಬುವುದೆಂದರೆ ಆನೆಯನ್ನು ಸಂಚಿಯಲ್ಲಿ ಹಾಕಿದಂತಲ್ಲವೆ? ಆದರೂ ಅದು ನಿತ್ಯ ನಡೆಯುತ್ತಿದೆ. ಪ್ರಸಾರ ಮಾಡುವ ತಾಣವು ನಾವು ಕಳುಹಿಸಿದ ಒಂದೇ ಪಾಠದಿಂದ ಹಿರಿದು, ನಡುತರ, ಕಿರಿದು ಎಂದು ಹಲವು ಆವೃತ್ತಿಗಳನ್ನು ತಯಾರಿಸಿ, ಒಂದೊಂದನ್ನೂ ಕೆಲವೇ ಸೆಕೆಂಡುಗಳ ತುಂಡುಗಳನ್ನಾಗಿ ಕತ್ತರಿಸಿಡುತ್ತದೆ. ನೋಡುವವರ ಯಂತ್ರವು ತನ್ನ ದಾರಿ ಎಷ್ಟು ಅಗಲವಾಗಿದೆಯೆಂದು ಆಗಾಗ ಅಳೆದುಕೊಂಡು, ತನಗೆ ನಿಲುಕುವ ಆವೃತ್ತಿಯ ತುಂಡನ್ನು ಕೇಳಿ ಪಡೆಯುತ್ತದೆ. ಕಿರಿಯ ಆವೃತ್ತಿಯಲ್ಲಿ ಚಿತ್ರಕ್ಕೆ ೪೨೬ ಚುಕ್ಕಿಗಳ ೨೪೦ ಸಾಲುಗಳು ಮಾತ್ರ. ಚುಕ್ಕಿಗಳ ಸಂಖ್ಯೆ ಹೀಗೆ ಇಪ್ಪತ್ತರಲ್ಲೊಂದು ಪಾಲಾಯಿತು. ಆದರೂ ಸೆಕೆಂಡಿಗೆ ಆರು ಕೋಟಿಗೂ ಮಿಕ್ಕಿ ಬಿಟ್ಟುಗಳು ಉಳಿಯುತ್ತವೆ. ಅವುಗಳನ್ನು ಇನ್ನೂ ಇನ್ನೂರರಲ್ಲೊಂದು ಪಾಲಿಗೆ ಇಳಿಸಬೇಕು. ಈ ಕೆಲಸವನ್ನು ಮಾಡುವ ಗಣಿತದ ಏರ್ಪಾಟಿಗೆ ಕೊಡೆಕ್ ಎಂದು ಹೆಸರು.

ಕೊಡೆಕ್ಕಿನ ಮೊದಲ ಉಪಾಯ ನಮ್ಮ ಶಾನುಭೋಗರಿಗೂ ತಿಳಿದಿದ್ದುದೇ. ಲೆಕ್ಕದ ಪುಸ್ತಕದಲ್ಲಿ ಮೇಲಿನ ಸಾಲಿನ ಹೆಸರೇ ಕೆಳಗಿನ ಸಾಲಿನಲ್ಲಿಯೂ ಬಂದರೆ ಅವರು ಅದನ್ನು ಮತ್ತೆ ಪೂರ್ತಿಯಾಗಿ ಬರೆಯದೆ 'ಸದರಿ' ಎಂದು ಬರೆದು ಮುಂದಕ್ಕೆ ಹೋಗುತ್ತಿದ್ದರು. ಸೆಕೆಂಡಿನ ಇಪ್ಪತ್ತೈದರಲ್ಲೊಂದು ಪಾಲು ಕಾಲದಲ್ಲಿ ಕರಿಹಲಗೆಯಾಗಲಿ ಗೋಡೆಯಾಗಲಿ ಬದಲಾಗುವುದಿಲ್ಲ. ಆದುದರಿಂದ ಕೊಡೆಕ್ಕು ಒಂದು ಚಿತ್ರವನ್ನು ಪೂರ್ತಿಯಾಗಿ ಬರೆದು, ಮುಂದಿನ ಚಿತ್ರಗಳಲ್ಲಿ ಬದಲಾಗದೆ ಉಳಿದ ಚೌಕಗಳಿಗೆಲ್ಲ 'ಸದರಿ' ಎಂದು ಬರೆಯುತ್ತದೆ. ಅಧ್ಯಾಪಕನ ಕೈ ಬಲಕ್ಕೆ ಸರಿದರೆ 'ಸದರಿ, ಆದರೆ ಮೂರು ಚುಕ್ಕಿ ಬಲಕ್ಕೆ' ಎನ್ನುತ್ತದೆ. ಪ್ರತಿಯೊಂದು ತುಂಡಿನ ಮೊದಲ ಚಿತ್ರವನ್ನು ಮಾತ್ರ ಪೂರ್ತಿಯಾಗಿ ಬರೆಯಲೇಬೇಕು. ಹೊಸ ಪುಸ್ತಕದ ಮೊದಲ ಸಾಲಿನಲ್ಲಿಯೇ 'ಸದರಿ' ಎಂದರೆ ಯಾರಿಗೆ ಅರ್ಥವಾದೀತು?

ಎರಡನೆಯ ಉಪಾಯಕ್ಕೂ ನಮ್ಮ ಬೆಂಗಳೂರಿಗೂ ಸಂಬಂಧವುಂಟು. ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಂದು ಯು.ವಿ.ಸಿ.ಇ. ಎಂದು ಕರೆಯಲ್ಪಡುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ೧೯೬೧ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದ ನಾಸಿರ್ ಅಹಮದ್ ಎಂಬವರು ೧೯೭೨ರಲ್ಲಿ ಒಂದು ಹೊಸ ಗಣಿತ ಪರಿವರ್ತನೆಯನ್ನು ಕುರಿತು ಯೋಚಿಸಿ, ಅದರ ಸಂಶೋಧನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ಹಣ ಕೇಳಿದರು. ಹಣ ದೊರೆಯಲಿಲ್ಲ. ಅವರು ಕೈಬಿಡದೆ, ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಮಿತ್ರ ಕೆ. ಆರ್. ರಾವ್ ಅವರೊಡನೆ ಕೆಲಸ ಮುಂದುವರಿಸಿ ೧೯೭೪ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಅದೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಜೆಪೆಗ್ ಚಿತ್ರಗಳಿಂದ ಹಿಡಿದು ೨೦೦೩ರಲ್ಲಿ ಹೊರಬಂದ ಎಚ್.೨೬೪ ಎಂಬ ಕೊಡೆಕ್ಕಿನವರೆಗೆ ಅದೋ, ಅದರ ಹತ್ತಿರದ ನೆಂಟನೋ ಒಳಗೆ ಕುಳಿತು ದುಡಿಯುತ್ತಿದೆ.

ಅದು ಮಾಡುವುದೇನು? ಚಿತ್ರದಲ್ಲಿ ಎಂಟು ಸಾಲು, ಎಂಟು ಕಂಬಗಳ ಒಂದು ಚೌಕವನ್ನು ತೆಗೆದುಕೊಳ್ಳಿ. ಚದುರಂಗದ ಹಾಸಿನಂತೆ ಅರುವತ್ತನಾಲ್ಕು ಚುಕ್ಕಿಗಳು. ಒಂದೊಂದು ಚುಕ್ಕಿಯ ಬೆಳಕನ್ನೂ ಬಿಡಿಬಿಡಿಯಾಗಿ ಹೇಳುವುದಕ್ಕೆ ಬದಲು, ಈ ಚೌಕದಲ್ಲಿ ಒಟ್ಟಿನ ಬೆಳಕೆಷ್ಟು, ನಿಧಾನವಾಗಿ ಏರಿಳಿಯುವ ಅಲೆ ಎಷ್ಟು, ಬಿರುಸಾಗಿ ಏರಿಳಿಯುವ ಅಲೆ ಎಷ್ಟು ಎಂದು ಅರುವತ್ತನಾಲ್ಕು ಅಲೆಗಳ ಪ್ರಮಾಣವನ್ನು ಹೇಳಬಹುದು. ತಂಬೂರಿಯ ನಾದವನ್ನು ಮೂಲಸ್ವರ ಮತ್ತು ಅದರ ಅನುಸ್ವರಗಳಾಗಿ ಬಿಡಿಸುವಂತೆಯೇ ಇದು. ಲೋಕದ ಬಹುಪಾಲು ಚಿತ್ರಗಳಲ್ಲಿ ನಿಧಾನದ ಅಲೆಗಳೇ ಹೆಚ್ಚು. ಬಿರುಸಿನ ಅಲೆಗಳು ಬಹಳ ಕಡಮೆ. ಕಣ್ಣಿಗೂ ಆ ನವುರಾದ ಅಲೆಗಳು ಅಷ್ಟಾಗಿ ಕಾಣಿಸವು. ಆದುದರಿಂದ ಬಿಟ್ಟುಗಳು ಸಾಲದೆ ಬಂದಾಗ ಕೊಡೆಕ್ಕು ಮೊಟ್ಟಮೊದಲು ಅವುಗಳನ್ನೇ ಒರಟಾಗಿ ಅಳೆದು ಸೊನ್ನೆಯೆಂದು ಬರೆದುಬಿಡುತ್ತದೆ. ಕರಿಹಲಗೆಯ ಮೇಲಿನ ತೆಳ್ಳನೆಯ ಅಡ್ಡಗೆರೆಯೆಂಬುದು ಇಂತಹ ಬಿರುಸಿನ ಅಲೆಗಳಿಂದಲೇ ಆದದ್ದು.

ಕಳ್ಳನ ಸುಳಿವು ಸಿಕ್ಕಿತೆಂದು ನೀವು ಹೇಳಬಹುದು. ಆದರೆ ನಿಜವಾದ ಅಪರಾಧಿ ಕೊಡೆಕ್ಕಲ್ಲ. ಅದಕ್ಕೆ ಸೆಕೆಂಡಿಗೆ ಮೂರು ಲಕ್ಷ ಬಿಟ್ಟುಗಳ ಪಡಿ ಅಳೆದು ಕೊಟ್ಟಿದೆ. ಆ ಪಡಿಯನ್ನು ಉಂಡವರು ಬೇರೆ ಯಾರೋ ಇರಬೇಕು. ನಾವು ಪಾಠವನ್ನು ಮತ್ತೆ ನೋಡಿದೆವು, ಈ ಸಲ ನಮ್ಮನ್ನು ನಾವು ನೋಡದೆ ಉಳಿದುದೆಲ್ಲವನ್ನೂ ನೋಡಿದೆವು. ಹಲಗೆಯ ಪಕ್ಕದಲ್ಲಿ ತೆರೆದ ಕಿಟಕಿ; ಅದರಾಚೆ ಬೇವಿನ ಮರ; ಅದರ ಸಾವಿರಾರು ಎಲೆಗಳು ಗಾಳಿಗೆ ಒಂದೊಂದೂ ಒಂದೊಂದು ದಿಕ್ಕಿಗೆ ಅಲುಗುತ್ತಿದ್ದವು. ಆ ಎಲೆಗಳ ವಿಷಯದಲ್ಲಿ 'ಸದರಿ' ಎಂದು ಬರೆಯಲು ಯಾವ ಶಾನುಭೋಗನಿಗೂ ಸಾಧ್ಯವಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು. ಅದರ ಗಾಳಿಗೆ ಪುಸ್ತಕಗಳಿಗೆ ಒರಗಿದ್ದ ಮೊಬೈಲು ಕೂದಲೆಳೆಯಷ್ಟು ನಡುಗುತ್ತಿತ್ತು. ಮೊಬೈಲು ನಡುಗಿದರೆ ಗೋಡೆಯೂ ಹಲಗೆಯೂ ನಡುಗಿದಂತೆಯೇ. ಸಾಲದುದಕ್ಕೆ ನಡುಮನೆಯ ಒಳಭಾಗ ಮಬ್ಬುಗತ್ತಲು. ಬೆಳಕು ಕಡಮೆಯಾದಾಗ ಕ್ಯಾಮೆರಾ ತನಗೆ ಬಂದ ಅಲ್ಪ ಸಂಕೇತವನ್ನು ಹಿಗ್ಗಿಸಿಕೊಳ್ಳುತ್ತದೆ. ಅದರೊಡನೆ ಗದ್ದಲವೂ ಹಿಗ್ಗಿ, ಚಿತ್ರದ ತುಂಬ ರವೆ ಚೆಲ್ಲಿದಂತಹ ಕಣಗಳು ಕಾಣಿಸಿಕೊಳ್ಳುತ್ತವೆ. ಈ ಕಣಗಳು ಒಂದು ಚಿತ್ರದಲ್ಲಿದ್ದ ಹಾಗೆ ಮತ್ತೊಂದರಲ್ಲಿರವು.

ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ೧೯೪೮ರಲ್ಲಿಯೇ ಇದರ ಒಳಗುಟ್ಟನ್ನು ಹೇಳಿದ್ದನು. ಅವನ ಗಣಿತದಲ್ಲಿ ಸಮಾಚಾರವೆಂದರೆ ಅನಿರೀಕ್ಷಿತವಾದುದು. ಮೊದಲೇ ಊಹಿಸಬಹುದಾದುದಕ್ಕೆ ಬಿಟ್ಟುಗಳು ಬೇಡ. ಊಹೆಗೆ ನಿಲುಕದುದಕ್ಕೆಲ್ಲ ಬೇಕು. ಅರ್ಥವುಂಟೋ ಇಲ್ಲವೋ ಎಂಬುದು ಆ ಗಣಿತಕ್ಕೆ ಸಂಬಂಧಪಟ್ಟುದಲ್ಲ. ಹೀಗಿರಲು, ಊಹೆಗೆ ಸ್ವಲ್ಪವೂ ನಿಲುಕದಿರುವ ಬೇವಿನೆಲೆಗಳ ಅಲುಗಾಟ ಮತ್ತು ಕತ್ತಲಿನ ರವೆಗಳೇ ಕೊಡೆಕ್ಕಿನ ದೃಷ್ಟಿಯಲ್ಲಿ ನಮ್ಮ ಪಾಠದ ಅತ್ಯಂತ ಮುಖ್ಯ ಸಮಾಚಾರವಾಗಿದ್ದವು! ಪಡಿಯ ಬಹುಭಾಗ ಅವುಗಳ ಪಾಲಾಯಿತು. ಎಲೆಕ್ಟ್ರಾನಿನ ಋಣಚಿಹ್ನೆಗೆ ಏನೂ ಉಳಿಯಲಿಲ್ಲ. ಚಿತ್ರವನ್ನು ಏರಿಸಿದ ಮೇಲೆ ಇದಕ್ಕೆ ಮದ್ದಿಲ್ಲ. ಚಿತ್ರ ತೆಗೆಯುವ ಮೊದಲೇ ಮಾಡತಕ್ಕದ್ದು ಮಾತ್ರ ಬಹಳವಿದೆ.

ನಾವು ಮಾಡಿದುದು ಇಷ್ಟು. ಕಿಟಕಿಯನ್ನು ಮುಚ್ಚಿ, ಹಲಗೆಯನ್ನು ಬೋಳುಗೋಡೆಯ ಮುಂದಕ್ಕೆ ಸರಿಸಿದೆವು. ಫ್ಯಾನನ್ನು ನಿಲ್ಲಿಸಿದೆವು. (ಏಪ್ರಿಲಿನಲ್ಲಿ ಇದು ತಪಸ್ಸೇ ಸರಿ.) ಮೊಬೈಲನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದೆವು. ಮನೆಯಲ್ಲಿದ್ದ ಮೂರು ಎಲ್.ಇ.ಡಿ. ದೀಪಗಳನ್ನು ಹಲಗೆಯ ಎರಡು ಪಕ್ಕಗಳಿಂದ ಓರೆಯಾಗಿ ಬೀಳುವಂತೆ ಇಟ್ಟೆವು. ಎದುರಿನಿಂದ ಇಟ್ಟರೆ ಹಲಗೆ ಹೊಳೆದು ಅಕ್ಷರಗಳು ಕಾಣವು. ಇಲ್ಲಿ ಒಂದು ತೊಡಕು ಬಂದಿತು. ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಹರಿಯತೊಡಗಿದವು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ಆಂದೋಲಿಸುತ್ತದಾದುದರಿಂದ ಅಗ್ಗದ ದೀಪಗಳ ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಕ್ಯಾಮೆರಾ ತೆರೆದಿರುವ ಕಾಲ ಇದಕ್ಕೆ ಹೊಂದದಿದ್ದರೆ ಪಟ್ಟೆಗಳು ಬರುತ್ತವೆ. ಷಟರಿನ ಕಾಲವನ್ನು ಸೆಕೆಂಡಿನ ಐವತ್ತರಲ್ಲೊಂದಕ್ಕೆ ನಿಲ್ಲಿಸಿದ ಕೂಡಲೆ ಅವು ಮಾಯವಾದವು. ನೂರರಲ್ಲೊಂದು ಎಂದಿಟ್ಟರೂ ಆಗುತ್ತದೆ. ಕ್ಯಾಮೆರಾ ತಾನೇ ತಾನಾಗಿ ಬೆಳಕನ್ನೂ ನಾಭಿಯನ್ನೂ ಹೊಂದಿಸಿಕೊಳ್ಳುವ ಅಭ್ಯಾಸವನ್ನೂ ಬಿಡಿಸಬೇಕು. ಇಲ್ಲದಿದ್ದರೆ ಬಿಳಿಯಂಗಿಯ ಅಧ್ಯಾಪಕನು ನಡುವೆ ಬಂದಾಗಲೆಲ್ಲ ಇಡೀ ಚಿತ್ರ ಕಪ್ಪಾಗಿ, ಪಕ್ಕಕ್ಕೆ ಸರಿದಾಗ ಬೆಳ್ಳಗಾಗಿ, 'ಸದರಿ'ಯ ಲೆಕ್ಕವೆಲ್ಲ ಕೆಡುತ್ತದೆ. ಬಹುಪಾಲು ಮೊಬೈಲುಗಳಲ್ಲಿ ತೆರೆಯ ಮೇಲೆ ಬೆರಳನ್ನು ಒತ್ತಿಹಿಡಿದರೆ ಈ ಹೊಂದಾಣಿಕೆ ಬಿಗಿಯಾಗಿ ನಿಲ್ಲುತ್ತದೆ. ಅಂಗಿಯ ಮಾತು ಬಂದುದರಿಂದ ಇದನ್ನೂ ಹೇಳಿಬಿಡೋಣ: ಸಣ್ಣ ಸಣ್ಣ ಚೌಕಳಿಯ ಅಂಗಿಯಾಗಲಿ ಸೀರೆಯಾಗಲಿ ಬೇಡ. ಚೌಕಳಿಯ ಗೆರೆಗಳೂ ಕ್ಯಾಮೆರಾದ ಚುಕ್ಕಿಗಳ ಸಾಲುಗಳೂ ಒಂದರ ಮೇಲೊಂದು ಬಿದ್ದು, ಇಲ್ಲದ ಅಲೆಗಳು ಬಟ್ಟೆಯ ಮೇಲೆ ಹರಿದಾಡುತ್ತವೆ.

ಇಷ್ಟಾದ ಮೇಲೆ ಹಲಗೆಯ ಮೇಲೆ ಹಿಂದಿನಂತೆಯೇ ಬರೆದು, ಚಿತ್ರ ತೆಗೆದು, ಕಿರಿಯ ಆವೃತ್ತಿಯನ್ನು ನೋಡಿದೆವು. ಋಣಚಿಹ್ನೆ ಕಂಡಿತು. ಕಂಡಿತೆಂದರೆ, ಅದು ಇದೆಯೆಂದು ತಿಳಿದವರಿಗೆ ಕಂಡಿತು, ತಿಳಿಯದವರಿಗೆ ಕಾಣುವಂತಿರಲಿಲ್ಲ. ಆಗ ನಾವು ಮೊದಲೇ ಮಾಡಬೇಕಾಗಿದ್ದ ಒಂದು ಲೆಕ್ಕವನ್ನು ಮಾಡಿದೆವು. ಹಲಗೆಯ ಎತ್ತರ ನಾಲ್ಕು ಅಡಿ. ಸುಮಾರು ೧,೨೨೦ ಮಿಲಿಮೀಟರು. ಅದು ಚಿತ್ರದ ಪೂರ್ತಿ ಎತ್ತರವನ್ನು ತುಂಬಿದಾಗ, ೨೪೦ ಸಾಲುಗಳ ಚಿತ್ರದಲ್ಲಿ ಒಂದು ಸಾಲಿಗೆ ೫ ಮಿಲಿಮೀಟರು ಬರುತ್ತದೆ. ಸೀಮೆಸುಣ್ಣದ ಗೆರೆಯ ದಪ್ಪವೂ ಹೆಚ್ಚೆಂದರೆ ಅಷ್ಟೆ. ಘಾತಸ್ಥಾನದಲ್ಲಿ ಬರೆದ ಎರಡು ಸೆಂಟಿಮೀಟರು ಉದ್ದದ ಅಡ್ಡಗೆರೆಗೆ ದೊರೆತದ್ದು ಒಂದು ಚುಕ್ಕಿ ದಪ್ಪ, ನಾಲ್ಕು ಚುಕ್ಕಿ ಉದ್ದ! ೧,೦೮೦ ಸಾಲುಗಳ ಚಿತ್ರದಲ್ಲಾದರೆ ಅದೇ ಗೆರೆಗೆ ನಾಲ್ಕು ಚುಕ್ಕಿ ದಪ್ಪವೂ ಹದಿನೆಂಟು ಚುಕ್ಕಿ ಉದ್ದವೂ ಇರುತ್ತಿತ್ತು. ಪೇಟೆಯ ಮಕ್ಕಳಿಗೆ ಅದು ಕಂಡುದರಲ್ಲಿ ಆಶ್ಚರ್ಯವೇನು? ಅಂದಿನಿಂದ ನಾವು ಒಂದು ಸಲಕ್ಕೆ ಹಲಗೆಯ ಕಾಲುಭಾಗವನ್ನು ಮಾತ್ರ ಚಿತ್ರದಲ್ಲಿ ಹಿಡಿಯುತ್ತೇವೆ. ಘಾತವನ್ನು ಅಂಗೈಯಗಲ ಬರೆಯುತ್ತೇವೆ.

ಬಣ್ಣದ ಸೀಮೆಸುಣ್ಣವನ್ನು ಕೂಡ ಬಹುಮಟ್ಟಿಗೆ ಬಿಟ್ಟೆವು. ಕಣ್ಣು ಬೆಳಕಿನ ವ್ಯತ್ಯಾಸವನ್ನು ಕಂಡಷ್ಟು ಚೆನ್ನಾಗಿ ಬಣ್ಣದ ವ್ಯತ್ಯಾಸವನ್ನು ಕಾಣಲಾರದೆಂಬುದನ್ನು ಬಲ್ಲ ಕೊಡೆಕ್ಕುಗಳು ನಾಲ್ಕು ಚುಕ್ಕಿಗಳಿಗೆ ಸೇರಿಸಿ ಒಂದೇ ಬಣ್ಣವನ್ನು ಬರೆದಿಡುತ್ತವೆ. ಹಸುರು ಹಲಗೆಯ ಮೇಲೆ ಕೆಂಪು ಅಕ್ಷರ, ನೀಲಿ ಸ್ಲೈಡಿನ ಮೇಲೆ ಕೆಂಪು ಅಕ್ಷರ, ಇವುಗಳಲ್ಲಿ ಬೆಳಕಿನ ವ್ಯತ್ಯಾಸ ಸ್ವಲ್ಪವೇ, ಬಣ್ಣದ್ದೇ ಎಲ್ಲ. ಅಂತಹವು ಮಳೆಯಲ್ಲಿ ನೆಂದ ಕುಂಕುಮದಂತೆ ಹರಡಿಕೊಳ್ಳುತ್ತವೆ. ಸೆಮಿನಾರಿಗಾಗಿ ಸ್ಲೈಡುಗಳನ್ನು ತಯಾರಿಸುವ ಕಾಲೇಜು ವಿದ್ಯಾರ್ಥಿಗಳು ಇದನ್ನು ಗಮನಿಸುವುದು ಒಳ್ಳೆಯದು.

ಇನ್ನು ಧ್ವನಿಯ ವಿಚಾರ. ನಮ್ಮ ಅಭಿಪ್ರಾಯದಲ್ಲಿ ಇದು ಚಿತ್ರಕ್ಕಿಂತಲೂ ಮುಖ್ಯವಾದುದು. ಮಬ್ಬಾದ ಚಿತ್ರದ ಪಾಠವನ್ನು ಕೇಳಿ ತಿಳಿದುಕೊಳ್ಳಬಹುದು. ಕೇಳಿಸದ ಪಾಠವನ್ನು ನೋಡಿ ತಿಳಿದುಕೊಳ್ಳಲಾಗುವುದಿಲ್ಲ. ಅಲ್ಲದೆ ಧ್ವನಿಗೆ ತಗಲುವ ವೆಚ್ಚವೂ ಅಲ್ಪ. ಮಾತನ್ನು ಚೆನ್ನಾಗಿ ಸಾಗಿಸಲು ಸೆಕೆಂಡಿಗೆ ೬೪,೦೦೦ ಬಿಟ್ಟುಗಳು ಧಾರಾಳ. ಹೀಗಿದ್ದರೂ ಕ್ಯಾಮೆರಾಕ್ಕೆ ಸಾವಿರಾರು ರೂಪಾಯಿ ಸುರಿಯುವವರು ಮೈಕಿಗೆ ನೂರು ರೂಪಾಯಿ ಕೊಡಲು ಹಿಂದೆಮುಂದೆ ನೋಡುತ್ತಾರೆ.

ನಮ್ಮ ವಿದ್ಯಾರ್ಥಿಗಳಿಗೆ ಋಣಚಿಹ್ನೆ ಕಾಣದಿದ್ದರೂ, ನಾವು ಬಾಯಲ್ಲಿ ಹೇಳಿದುದಾದರೂ ಕೇಳಿಸಬೇಕಾಗಿತ್ತಲ್ಲವೆ? ಹೇಳಿದ್ದೆವು, ಆದರೆ ಹಲಗೆಯ ಕಡೆಗೆ ಮುಖಮಾಡಿ, ಮೊಬೈಲಿಗೆ ಬೆನ್ನುಹಾಕಿ ಹೇಳಿದ್ದೆವು. ಮಾತಿನಲ್ಲಿ ಸ್ವರಗಳ ಬಲವೆಲ್ಲ ಕೆಳಗಿನ ಆವರ್ತನಗಳಲ್ಲಿರುತ್ತದೆ. ಅವು ಬಾಯಿಂದ ಹೊರಟು ಎಲ್ಲ ಕಡೆಗೂ ಸುತ್ತಿ ಬರುತ್ತವೆ. ಒಂದು ಅಕ್ಷರವನ್ನು ಮತ್ತೊಂದರಿಂದ ಬೇರೆ ಮಾಡುವ ವ್ಯಂಜನಗಳ ಗುರುತುಗಳು ಬಹುಮಟ್ಟಿಗೆ ಸೆಕೆಂಡಿಗೆ ಎರಡು ಸಾವಿರದಿಂದ ಎಂಟು ಸಾವಿರ ಕಂಪನಗಳವರೆಗಿನ ಮೇಲಿನ ಭಾಗದಲ್ಲಿವೆ. ಅವು ಬಾಯಿಯ ನೇರಕ್ಕೆ ಮುಂದೆ ಹೋಗುವುವೇ ಹೊರತು ಬೆನ್ನಿನ ಕಡೆಗೆ ಬರುವುದು ಕಡಮೆ. 'ಸ'ಕಾರದ ಸಿಳ್ಳು ನಾಲ್ಕು ಸಾವಿರಕ್ಕೂ ಮೇಲೆ. 'ಶ'ಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಮೊದಲಾಗುತ್ತದೆ. ಹಳೆಯ ಟೆಲಿಫೋನು ಮೂರು ಸಾವಿರದ ನಾನೂರರ ಮೇಲಿನದನ್ನು ಕತ್ತರಿಸುತ್ತಿದ್ದುದರಿಂದಲೇ ಅದರಲ್ಲಿ ಸಕಾರ ಶಕಾರಗಳ ಭೇದ ತಿಳಿಯುತ್ತಿರಲಿಲ್ಲ. ನಮ್ಮ ಪಾಠದಲ್ಲಿ 'ಮೈನಸ್' ಎಂಬ ಮಾತು ಫ್ಯಾನಿನ ಗುಂಯ್‌ಗುಟ್ಟುವಿಕೆಯ ನಡುವೆ 'ಐನ' ಎಂಬಂತೆ ಕೇಳಿಸುತ್ತಿತ್ತು. ಅದು ಏನೆಂದು ಯಾವ ಹುಡುಗ ಊಹಿಸಿಯಾನು?

ಮೈಕು ಬಾಯಿಗೆ ಒಂದು ಗೇಣು ದೂರದಲ್ಲಿರಬೇಕು. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕಿನ ಗುಣವೆಲ್ಲ ಇದರಲ್ಲಿಯೇ ಇದೆ. ಧ್ವನಿಯ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುವುದನ್ನು ನೀವು ಓದಿದ್ದೀರಿ. ಒಂಬತ್ತು ಗೇಣು ದೂರದ ಮೇಜಿನ ಮೇಲೆ ಮೊಬೈಲಿಟ್ಟರೆ ನೇರವಾಗಿ ಬರುವ ಮಾತು ಎಂಬತ್ತೊಂದರಲ್ಲಿ ಒಂದು ಪಾಲಾಯಿತು. ಆದರೆ ಗೋಡೆ, ನೆಲ, ಮಾಡುಗಳಿಗೆ ಬಡಿದು ಹಿಂದಿರುಗುವ ಮಾರ್ದನಿ ಕೋಣೆಯಲ್ಲೆಲ್ಲ ಹೆಚ್ಚುಕಡಮೆ ಒಂದೇ ಸಮನಾಗಿರುತ್ತದೆ. ಮೈಕು ದೂರ ಹೋದಂತೆಲ್ಲ ಅದು ಕೇಳುವುದು ನಮ್ಮನ್ನಲ್ಲ, ನಮ್ಮ ಕೋಣೆಯನ್ನು.

ಮಾರ್ದನಿಯನ್ನು ಮೊದಲು ಅಳೆದವನು ಹಾರ್ವರ್ಡಿನ ವ್ಯಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕ. ೧೮೯೫ರಲ್ಲಿ ಅಲ್ಲಿನ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಯಾರು ಏನು ಹೇಳಿದರೂ ತಿಳಿಯುತ್ತಿರಲಿಲ್ಲ. ಅಲ್ಲಿ ಆಡಿದ ಒಂದು ಮಾತು ಐದೂವರೆ ಸೆಕೆಂಡುಗಳ ಕಾಲ ಸುತ್ತುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕನು ಒಂದು ಡಜನಿಗೂ ಹೆಚ್ಚು ಮಾತುಗಳನ್ನು ಆಡಿ ಮುಗಿಸಿರುತ್ತಿದ್ದನು. ಸಬೀನನು ಊರು ಮಲಗಿದ ಮೇಲೆ ರಾತ್ರಿಯ ವೇಳೆ ಒಂದು ಆರ್ಗನ್ ಕೊಳವೆಯನ್ನು ನುಡಿಸಿ, ಅದರ ನಾದ ಅಡಗುವವರೆಗಿನ ಕಾಲವನ್ನು ಗಡಿಯಾರದಿಂದ ಅಳೆದನು. ಹತ್ತಿರದ ನಾಟಕಶಾಲೆಯಿಂದ ಪೀಠದ ಮೆತ್ತೆಗಳನ್ನು ಹೊರಿಸಿ ತಂದು ಸ್ವಲ್ಪಸ್ವಲ್ಪವಾಗಿ ಹಾಸುತ್ತ, ಪ್ರತಿ ಸಲವೂ ಮತ್ತೆ ಅಳೆದನು. ಬೆಳಗಾಗುವ ಮೊದಲು ಎಲ್ಲ ಮೆತ್ತೆಗಳನ್ನೂ ಹಿಂದಕ್ಕೆ ಸಾಗಿಸಬೇಕಾಗಿತ್ತು! ಮೆತ್ತನೆಯ ವಸ್ತುಗಳು ಧ್ವನಿಯನ್ನು ಎಷ್ಟೆಷ್ಟು ಹೀರುತ್ತವೆಂಬ ಶಾಸ್ತ್ರ ಹೀಗೆ ಹುಟ್ಟಿತು.

ನಾವಾದರೋ ಮೊಬೈಲಿನ ಹಿಂದೆ ಹಗ್ಗ ಕಟ್ಟಿ ಎರಡು ಕಂಬಳಿಗಳನ್ನು ಇಳಿಬಿಟ್ಟೆವು; ಪಕ್ಕದ ಗೋಡೆಗೆ ಹತ್ತಿಯ ಹಾಸಿಗೆಯನ್ನು ನಿಲ್ಲಿಸಿದೆವು; ಗಾರೆಯ ನೆಲಕ್ಕೆ ಜಮಖಾನ ಹಾಸಿದೆವು. ಮನೆಯವರು ನಕ್ಕರು. ಆದರೆ ಬಾವಿಯೊಳಗಿನಿಂದ ಬಂದಂತಿದ್ದ ಧ್ವನಿ ಹತ್ತಿರ ಕುಳಿತು ಮಾತನಾಡಿದಂತಾಯಿತು. ಫ್ಯಾನಿನ ಗುಂಯ್ಕಾರವನ್ನು ನಿಲ್ಲಿಸಿದುದೂ ಇದಕ್ಕೆ ನೆರವಾಯಿತು. ಧ್ವನಿಯ ಕೊಡೆಕ್ಕುಗಳು ಜೋರಾದ ಒಂದು ಸ್ವರದ ನೆರಳಿನಲ್ಲಿ ಕಿವಿಗೆ ಕೇಳಿಸದೆ ಹೋಗುವ ಮೆಲ್ಲನೆಯ ಸ್ವರಗಳನ್ನು ಆರಿಸಿ ಬಿಸಾಡುತ್ತವೆ. ಗದ್ದಲವು ಎಲ್ಲ ಆವರ್ತನಗಳಲ್ಲಿಯೂ ಹರಡಿಕೊಂಡಿದ್ದರೆ ಯಾವುದನ್ನು ಬಿಸಾಡುವುದು, ಯಾವುದನ್ನು ಇಟ್ಟುಕೊಳ್ಳುವುದು? ಬಿಟ್ಟುಗಳು ಸಾಲದೆ ಮಾತೇ ನೀರೊಳಗೆ ಮುಳುಗೆದ್ದಂತೆ ಗುಳುಗುಳು ಎನ್ನತೊಡಗುತ್ತದೆ. ಗದ್ದಲವನ್ನು ಆಮೇಲೆ ತೆಗೆದುಹಾಕುವ ತಂತ್ರಾಂಶಗಳು ಇವೆ, ನಿಜ. ಅವು ಗದ್ದಲದ ಜೊತೆಗೆ ಸಕಾರವನ್ನೂ ಸ್ವಲ್ಪ ಕೊಂಡುಹೋಗುತ್ತವೆ.

ಧ್ವನಿಯ ಮಟ್ಟವನ್ನು ಹೊಂದಿಸುವುದರಲ್ಲಿಯೂ ಎಚ್ಚರ ಬೇಕು. ಹದಿನಾರು ಬಿಟ್ಟುಗಳ ಕ್ರಮದಲ್ಲಿ ಧ್ವನಿತರಂಗದ ಏರಿಳಿತವನ್ನು ಋಣ ೩೨,೭೬೮ರಿಂದ ಧನ ೩೨,೭೬೭ರವರೆಗಿನ ಸಂಖ್ಯೆಗಳಿಂದ ಬರೆಯುತ್ತಾರೆ. ಅದನ್ನು ಮೀರಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಕತ್ತರಿಸಿದ ತಲೆಯನ್ನು ಮತ್ತೆ ಹೊಂದಿಸಲು ಬಾರದು. ಅತಿ ಜೋರಿನ ಮಾತು ಅಳತೆಯ ಅರ್ಧಕ್ಕೆ ಮುಟ್ಟುವಂತೆ ಇಟ್ಟುಕೊಂಡರೆ ಕ್ಷೇಮ. ಈ ಹೊಂದಾಣಿಕೆಯನ್ನು ಮೊಬೈಲಿಗೆ ಬಿಟ್ಟುಕೊಟ್ಟರೆ ಏನಾಗುವುದೆಂಬುದನ್ನು ಯಕ್ಷಗಾನದ ನೇರಪ್ರಸಾರಗಳಲ್ಲಿ ಕೇಳಿರುವಿರಿ. ಚೆಂಡೆ ಬಾರಿಸಿದೊಡನೆ ಯಂತ್ರ ಹೆದರಿ ಮಟ್ಟವನ್ನು ತಗ್ಗಿಸುತ್ತದೆ; ಭಾಗವತರ ಹಾಡು ಅದರೊಡನೆ ತಗ್ಗಿಹೋಗುತ್ತದೆ; ಚೆಂಡೆ ನಿಂತೊಡನೆ ಮಟ್ಟ ಏರಿ, ಹಿಂದಿನ ಸಾಲಿನವರ ಕೆಮ್ಮು ರಂಗಸ್ಥಳಕ್ಕೆ ಬರುತ್ತದೆ. ಭಾಗವತರಿಗೊಂದು, ಚೆಂಡೆಗೊಂದು ಬೇರೆ ಬೇರೆ ಮೈಕುಗಳನ್ನಿಟ್ಟು, ಮಟ್ಟವನ್ನು ಕೈಯಿಂದಲೇ ಹಿಡಿಯುವವರು ಒಬ್ಬರಿದ್ದರೆ ಈ ಅವಸ್ಥೆಯಿಲ್ಲ. ಇನ್ನು ಪಕಾರ ಫಕಾರಗಳ ಉಸಿರು ನೇರವಾಗಿ ಮೈಕಿಗೆ ಬಡಿದರೆ ಗುಡುಗಿನಂತೆ ಕೇಳಿಸುತ್ತದೆ. ಮೈಕನ್ನು ಬಾಯಿಯ ನೇರಕ್ಕಿಡದೆ ಸ್ವಲ್ಪ ಪಕ್ಕಕ್ಕೆ ಇಟ್ಟರೆ ಸರಿಹೋಗುತ್ತದೆ.

ಚಿತ್ರವನ್ನು ಕಳುಹಿಸುವಾಗ ಕ್ಯಾಮೆರಾದಿಂದ ಬಂದ ಮೂಲವನ್ನೇ ಕಳುಹಿಸಬೇಕು. ಗೆಳೆಯರಿಗೆ ವಾಟ್ಸಾಪಿನಲ್ಲಿ ಕಳುಹಿಸಿ, ಅವರಿಂದ ಹಿಂದಕ್ಕೆ ಪಡೆದ ಪ್ರತಿಯನ್ನು ಏರಿಸುವವರನ್ನು ನಾವು ಕಂಡಿದ್ದೇವೆ. ಪ್ರತಿಯೊಂದು ಕೊಡೆಕ್ಕೂ ತನ್ನ ಪಾಲಿನದನ್ನು ಬಿಸಾಡಿಯೇ ಮುಂದಕ್ಕೆ ಕೊಡುವುದು. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು ಹೇಗಿರುವುದೆಂಬುದು ಪರೀಕ್ಷೆಯ ಕಾಲದಲ್ಲಿ ವಿದ್ಯಾರ್ಥಿಗಳಿಗೆಲ್ಲ ಅನುಭವವೇ. ಏರಿಸಿದ ಮೇಲೆ ಪಾಠವನ್ನು ನಮ್ಮ ಮನೆಯ ದೊಡ್ಡ ತೆರೆಯ ಮೇಲೆ ನೋಡಿ ಸಂತೋಷಪಡುವುದನ್ನೂ ಬಿಟ್ಟಿದ್ದೇವೆ. ಒಂದು ಹಳೆಯ ಮೊಬೈಲಿನಲ್ಲಿ, ೨೪೦ ಸಾಲುಗಳ ಆವೃತ್ತಿಯಲ್ಲಿ, ಬೀದಿಯ ಬದಿಗೆ ನಿಂತು ನೋಡುತ್ತೇವೆ; ಅಲ್ಲಿ ಕಂಡುದು ಗುಡ್ಡದ ಮೇಲೂ ಕಂಡೀತು.

ಎರಡನೆಯ ಸಲ ಎಲೆಕ್ಟ್ರಾನಿನ ಪಾಠ ಮಾಡಿದಾಗ ನಾವು ಋಣಚಿಹ್ನೆಯನ್ನು ನಾಲ್ಕು ಬೆರಳುದ್ದ ಎಳೆದು, ಮುಖವನ್ನು ಕ್ಯಾಮೆರಾದ ಕಡೆಗೆ ತಿರುಗಿಸಿ, 'ಹತ್ತರ ಘಾತ ಋಣ ಹತ್ತೊಂಬತ್ತು' ಎಂದು ಹೇಳಿ, 'ಮೈನಸ್ ಹತ್ತೊಂಬತ್ತು' ಎಂದು ಇನ್ನೊಮ್ಮೆ ಹೇಳಿದೆವು. ಒಂದೇ ಸಂಗತಿಯನ್ನು ಕಣ್ಣಿಗೊಮ್ಮೆ, ಕಿವಿಗೆ ಎರಡು ಸಲ ಕಳುಹಿಸಿದರೆ ಮೂರೂ ದಾರಿಯಲ್ಲಿ ಕಳೆದುಹೋಗುವ ಸಂಭವ ಕಡಮೆ. ಇದೂ ಶಾನನ್ನನ ಗಣಿತದಲ್ಲಿ ಉಂಟು. ಸಂಜೆ ತೀರ್ಥಹಳ್ಳಿಯ ಕಡೆಯಿಂದ ಫೋನು ಬಂದಿತು. "ಮೈನಸ್ ಕಾಣಿಸ್ತು ಸಾರ್, ಕೇಳಿಸ್ತು ಕೂಡ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಹೋದ ಸಲದ ಮಾರ್ಕ್ಸು, ಸಾರ್?" ಎಂದು ಕೇಳಿದಳು. ಹನ್ನೆರಡು ಉತ್ತರಪತ್ರಿಕೆಗಳನ್ನೂ ಹೊರತೆಗೆದು ಅಂದು ರಾತ್ರಿಯೇ ತಿದ್ದಿದೆವು.